ಜೀಪು ಕೊಟ್ಟು ಬರುವಾಗ

ಜಗಲಿಯಲ್ಲಿ ಸೊಂಟಕ್ಕೆ ಬೆಲ್ಟು ಬಿಗಿದು ಕೂತಿರುವ ನಮ್ಮ ಇವರಿಗೆ,

ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ನಿಮಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ. ಮನೆಯಲ್ಲಾದರೆ 'ಓಯ್' ಅಂದರೆ ಮುಗಿಯಿತು, ಆದರೆ ಪತ್ರದ ತಲೆಗೆ 'ಓಯ್' ಅಂತ ಬರೆಯುವುದು ಹೇಗೆ? 'ಪ್ರಿಯ ಅಚ್ಚುತ' ಅಂತ ಒಮ್ಮೆ ಬರೆದು ನೋಡಿದೆ. ಹಾಲಿನ ಸೊಸೈಟಿಯಿಂದ ಯಾರಿಗೋ ನೋಟೀಸು ಕಳಿಸಿದ ಹಾಗೆ ಕಂಡಿತು. ಆ ಹಾಳೆ ಹರಿದು ಹಾಕಿ ಮತ್ತೆ ಶುರು ಮಾಡಿದ್ದೇನೆ.

ನಾನೀಗ ಜಾಲ್ಸೂರಿನಲ್ಲಿದ್ದೇನೆ. ಕಾಸರಗೋಡು ದಾಟಿ ಈಚೆ ಬರುವಾಗ ನಮ್ಮ ಪಿಕಪ್ಪಿನ ಹಿಂದಿನ ಸ್ಪ್ರಿಂಗಿನ ಪ್ಲೇಟು ತುಂಡಾಯಿತು. ಡ್ರೈವರ್ ರಹ್ಮತ್ ಗ್ಯಾರೇಜಿನಲ್ಲಿ ಗಾಡಿಯ ಅಡಿಗೆ ಮಲಗಿದ್ದಾನೆ, ತಾನು ಓಡಿಸುವ ಗಾಡಿಯ ರಿಪೇರಿಯನ್ನು ಬೇರೆಯವರ ಕೈಗೆ ಕೊಡುವ ಜಾತಿಯಲ್ಲ ಅವನು. ನಾನು ಎದುರಿನ ಹೋಟೆಲಿನಲ್ಲಿ ಎರಡನೇ ಚಹಾ ಕುಡಿಯುತ್ತಾ, ಪಕ್ಕದ ಅಂಗಡಿಯಿಂದ ತಂದ ಹಾಳೆಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಮೊನ್ನೆ ಫೋನಿನಲ್ಲಿ 'ಕೊಟ್ಟಾಯಿತು' ಅಂದೆ, ನೀವು 'ಹ್ಞೂಂ' ಅಂದಿರಿ, ಅಷ್ಟಕ್ಕೇ ಫೋನು ಇಟ್ಟಿರಿ. ಹೇಳಲಿಕ್ಕಿದ್ದ ಮಾತೆಲ್ಲ ನನ್ನ ಬಾಯಲ್ಲೇ ಉಳಿಯಿತು. ಬಾಯಲ್ಲಿಟ್ಟುಕೊಂಡು ಕೊಲ್ಲಮೊಗ್ರಿನ ಮನೆಯವರೆಗೆ ಬಂದರೆ ಅಂಗಳಕ್ಕೆ ಕಾಲಿಟ್ಟ ಕೂಡಲೇ ದನಕ್ಕೆ ಹಿಂಡಿ ಇಟ್ಟಾಯಿತಾ, ನಿಮ್ಮ ಮಾತ್ರೆ ತಿಂದಾಯಿತಾ ಅಂತ ಬೇರೆ ಮಾತೇ ಬರುವುದು. ಅದಕ್ಕೇ ಬರೆಯುವುದು.

ಜೀಪನ್ನು ನಿಮ್ಮ ಇಡುಕ್ಕಿಯ ಸ್ನೇಹಿತ ಬೇಬಿಚ್ಚನ ಕೈಗೆ ಕೊಟ್ಟು ಬಂದೆ. ನೀವು ಹೇಳಿದ ಹಾಗೆಯೇ ಮಾಡಿದ್ದೇನೆ. ಆದರೆ ಹೊರಡುವಾಗ ನನ್ನ ಮನಸ್ಸಿನಲ್ಲಿ ಒಂದು ವಿಷಯ ಇತ್ತು, ನಿಮಗೆ ಹೇಳಿರಲಿಲ್ಲ. ಈ ಹತ್ತು ಹನ್ನೆರಡು ವರ್ಷ ನೀವು ನನ್ನನ್ನು ಆ ಜೀಪಿನಲ್ಲಿ ಕೂರಿಸಿ ಎಳೆದುಕೊಂಡು ಹೋದದ್ದು ನಾನು ಬೇಕು ಅಂತಲೋ, ಅಥವಾ ಬೇರೆ ಜನ ಸಿಗುವುದಿಲ್ಲ ಅಂತಲೋ? ಜೀಪು ಕೈಬಿಟ್ಟು ಹೋಗುವ ಮೊದಲು ಇದೊಂದು ನನಗೆ ತಿಳಿಯಬೇಕಿತ್ತು. ಹೋದ ಮೇಲೆ ಕೇಳಿದರೆ ಮಾತಿಗೆ ಬೆಲೆ ಇರುವುದಿಲ್ಲ ಅಂತ ಅನಿಸಿತ್ತು.

ಮೊದಲನೇ ಸಲ ನೆನಪುಂಟಾ ನಿಮಗೆ? ಮಡಿಕೇರಿ ಕಡೆ ಆಫ್‌ರೋಡ್ ಜೀಪಿನವರೆಲ್ಲ ಸೇರುವುದಿತ್ತು. ಜೀಪಿಗೆ ಆ ದೊಡ್ಡ ದೊಡ್ಡ ಕೆಸರಿನ ಟಯರು ಹಾಕಿಸಿ ಆಗಿತ್ತು. ಆ ಟಯರಿನಲ್ಲಿ ಡಾಮರು ರಸ್ತೆಯಲ್ಲಿ ಅಷ್ಟು ದೂರ ಓಡಿಸಿದರೆ ಎಂಜಿನು ಬಿಸಿಯಾಗುತ್ತದೆ, ಕಾಡಿನೊಳಗೆ ಏನಾದರೂ ಮುರಿದರೆ ವಾಪಸು ತರಲು ಬೇರೆ ಗಾಡಿ ಹೇಗೂ ಬೇಕು ಅಂತ ಪಿಕಪ್ಪಿಗೆ ಕಬ್ಬಿಣದ ಬಾರ್ ಸಿಕ್ಕಿಸಿ ಜೀಪನ್ನು ಎಳೆದುಕೊಂಡು ಹೋಗುವುದೆಂದು ತೀರ್ಮಾನಿಸಿದಿರಿ. ಒಂದೇ ಬಾರಿನಲ್ಲಿ ಎಳೆಯುವಾಗ ಹಿಂದಿನ ಗಾಡಿಯ ಸ್ಟೇರಿಂಗಿನಲ್ಲಿ ಒಬ್ಬರು ಇರಲೇಬೇಕು. ನಿಮ್ಮ ಭಾವ ಉದಯಣ್ಣ ಬರುತ್ತೇನೆ ಅಂದವರು ಬೆಳಿಗ್ಗೆ ಜ್ವರ ಅಂತ ಹೇಳಿಕಳಿಸಿದರು. ನೀವು ಅಂಗಳದಲ್ಲಿ ನಿಂತು ನನ್ನ ಮುಖ ನೋಡಿದಿರಿ. ನಾನು ಹಟ್ಟಿಯಿಂದ ಸೆಗಣಿ ಕೈಯಲ್ಲಿ ಬರುತ್ತಿದ್ದೆ.

"ಕೈ ತೊಳ್ಕೊಂಡು ಬಾ. ಎಂತ ಇಲ್ಲ, ನಾನು ಹೋದ ಕಡೆ ನೀನು ತಿರುಗಿಸುದು. ಇಳಿಯುವಾಗ ಬ್ರೇಕು ಮೆಲ್ಲ ಒತ್ತಿ ಬಿಡುದು. ಅಷ್ಟೇ."

ಅಷ್ಟೇ ಅಂತೆ. ಸಂಪಾಜೆ ಘಾಟಿಯಲ್ಲಿ ಎದುರಿನಿಂದ ಮರದ ಲಾರಿ ಬರುತ್ತಿದೆ, ಜೀಪಿಗೆ ಮೇಲೆ ಟಾಪಿಲ್ಲ, ಎಂಜಿನ್ ಇಲ್ಲ, ಹಾರ್ನಿಲ್ಲ, ಎರಡೂ ಗೇರು ಲಿವರು ನ್ಯೂಟ್ರಲ್ಲಿನಲ್ಲಿ. ಮಡಿಕೇರಿ ಮುಟ್ಟುವಾಗ ನನ್ನ ಎರಡೂ ಕೈ ಸ್ಟೇರಿಂಗಿಗೆ ಅಂಟಿ ಹೋಗಿತ್ತು. ನೀವು ಬೆರಳು ಒಂದೊಂದಾಗಿ ಬಿಡಿಸಿದಿರಿ. ಆಮೇಲೆ ಒಂದು ವಾರ ಬಿಟ್ಟು ಪುತ್ತೂರಿಗೆ ಕರೆದುಕೊಂಡು ಹೋಗಿ ಡ್ರೈವಿಂಗ್ ಕ್ಲಾಸಿಗೆ ಸೇರಿಸಿದಿರಿ, ಹಿಂದೆ ಕೂರಲಿಕ್ಕೂ ಲೈಸೆನ್ಸ್ ಬೇಕು ಅಂತ. ಲೋಕದಲ್ಲಿ ಎಂಜಿನ್ ಇಲ್ಲದ ಗಾಡಿ ಓಡಿಸಲು ಲೈಸೆನ್ಸ್ ಮಾಡಿಸಿದ ಹೆಂಗಸು ನಾನೊಬ್ಬಳೇ ಇರಬೇಕು.

ಆಮೇಲೆ ಅದೇ ರೂಢಿಯಾಯಿತು. ಸಕಲೇಶಪುರ, ವಯನಾಡು, ಒಮ್ಮೆ ಗೋವಾ, ಕಡೆಕಡೆಗೆ ಪ್ರತಿ ವರ್ಷ ಇಡುಕ್ಕಿ. ನಿಮ್ಮ ಸ್ನೇಹಿತರು ಯಾರಾದರೂ 'ಎಷ್ಟು ಊರು ನೋಡಿದಿರಿ ಅಕ್ಕ' ಅಂತ ಕೇಳಿದರೆ ನನಗೆ ನಗು ಬರುತ್ತಿತ್ತು. ನಾನು ನೋಡಿದ್ದು ನಮ್ಮ ಪಿಕಪ್ಪಿನ ಹಿಂಬಾಗಿಲು. ಅದರ ಎಡಮೂಲೆಯ ತುಕ್ಕು, ರಬ್ಬರ್ ಶೀಟು ಉಜ್ಜಿ ಬಣ್ಣ ಹೋದ ಜಾಗ, ಮೇಲೆ ಗಾಜಿನಲ್ಲಿ ನಿಮ್ಮ ಬೆನ್ನು. ನಿಮ್ಮ ಬೆನ್ನು ನನಗೆ ಪಾಠವಾಗಿ ಹೋಗಿತ್ತು. ಎಡ ಭುಜ ಇಳಿದರೆ ಗೇರು ಬದಲಾಗುತ್ತದೆ, ತಲೆ ಮುಂದೆ ಬಂದರೆ ಬ್ರೇಕು ಬೀಳುತ್ತದೆ, ಕುತ್ತಿಗೆ ಆಚೀಚೆ ಮಾಡಿದರೆ ನಿದ್ದೆ ಬರುತ್ತಿದೆ, ಇನ್ನು ಚಹಾಕ್ಕೆ ನಿಲ್ಲಿಸುತ್ತೀರಿ. ಕಿಟಕಿಯಿಂದ ನೀವು ಕೈ ತೋರಿಸುವ ಮೊದಲೇ ನನ್ನ ಕಾಲು ಬ್ರೇಕಿನ ಮೇಲೆ ಇರುತ್ತಿತ್ತು. ಎದುರಿಗೆ ಕೂತು ಮಾತಾಡುವಾಗ ನಿಮ್ಮ ಮನಸ್ಸಿನಲ್ಲಿ ಎಂತ ಉಂಟು ಅಂತ ನನಗೆ ಎಂದೂ ಗೊತ್ತಾದದ್ದಿಲ್ಲ. ಬೆನ್ನು ನೋಡಿ ಎಲ್ಲ ಗೊತ್ತಾಗುತ್ತಿತ್ತು.

ಒಂದು ಸುಖವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಮುಂದೆ ನಿಮಗೆ ಎಂಜಿನಿನ ಗಲಾಟೆ. ನನ್ನದು ಸದ್ದಿಲ್ಲದ ಗಾಡಿ. ಹಕ್ಕಿ ಕೂಗುವುದು, ರಸ್ತೆ ಬದಿಯ ತೋಡಿನ ನೀರು, ಬಸ್ಸಿಗೆ ಕಾಯುವವರ ಅರ್ಧ ಮಾತು ಎಲ್ಲ ನನಗೆ ಕೇಳಿಸುತ್ತಿತ್ತು. ರಾತ್ರಿ ನಿಮಗೆ ಅದನ್ನೆಲ್ಲ ಹೇಳಬೇಕು ಅಂತ ಕೂಡಿಸಿ ಇಡುತ್ತಿದ್ದೆ. ನೀವು ಬೇಬಿಚ್ಚನ ಜೊತೆ ಟಯರಿನ ಗಾಳಿ ಎಷ್ಟಿರಬೇಕು ಅಂತ ಚರ್ಚೆ ಮಾಡುತ್ತಾ ಕೂತಿರುತ್ತಿದ್ದಿರಿ.

ನನಗೆ ಹೊಟ್ಟೆ ಉರಿಯುತ್ತಿದ್ದದ್ದು ಎಲ್ಲಿ ಗೊತ್ತುಂಟಾ? ಕಾಡಿನ ದಾರಿ ಶುರುವಾಗುವ ಕಡೆ. ಅಲ್ಲಿ ಬಾರ್ ಕಳಚುತ್ತೀರಿ, ನಾಲ್ಕೂ ಚಕ್ರ ಎಳೆಯಲಿ ಅಂತ ಎದುರಿನ ಚಕ್ರದ ಹಬ್ಬು ತಿರುಗಿಸಿ ಲಾಕ್ ಮಾಡುತ್ತೀರಿ, ನಾನು ಇಳಿಯುತ್ತೇನೆ. ನಾನು ಕೂತು ಬಿಸಿಯಾದ ಸೀಟನ್ನು ನೀವು ಹಿಂದಕ್ಕೆ ತಳ್ಳಿ, ಕಾಲು ಚಾಚಿ ಕೂತು ಕೀಲಿ ತಿರುಗಿಸುತ್ತೀರಿ. ಎರಡು ದಿನ ನನ್ನ ಕೈಯಲ್ಲಿ ಸತ್ತ ಹಾಗೆ ಬಂದ ಜೀಪು ನಿಮ್ಮ ಕೈಯಲ್ಲಿ ಒಮ್ಮೆಗೇ ಎದ್ದು ಕೂರುತ್ತಿತ್ತು. ಪಕ್ಕದ ಸೀಟಿಗೆ ಯಾರಾದರೂ ಸ್ನೇಹಿತರು ಹಾರಿ ಕೂರುತ್ತಿದ್ದರು. ನಾನು ಪಿಕಪ್ಪಿನ ಹತ್ತಿರ ಗ್ಯಾಸಿನ ಒಲೆ ಹಚ್ಚಿ ಮರಗೆಣಸು ಬೇಯಿಸುತ್ತಿದ್ದೆ. ಸಂಜೆ ಕೆಸರು ಮೆತ್ತಿಕೊಂಡು ನೀವು ಬರುವಾಗ ನಿಮ್ಮ ಮುಖದಲ್ಲಿ ಇರುತ್ತಿದ್ದ ಆ ಖುಷಿಯನ್ನು ನಮ್ಮ ಮನೆಯ ಯಾವ ಮದುವೆ ಮುಂಜಿಯಲ್ಲೂ ನಾನು ಕಂಡಿಲ್ಲ. ಅದು ಎಲ್ಲಿಂದ ಬರುತ್ತದೆ ಅಂತ ನೋಡಬೇಕು ಅಂತ ಆಸೆಯಿತ್ತು. ನೀವು ಒಂದು ದಿನವೂ 'ಬಾ, ಹತ್ತು' ಅಂತ ಹೇಳಲಿಲ್ಲ.

ನಾನೂ ಬಾಯಿ ಬಿಡಲಿಲ್ಲ. ಕೇಳಿ ಹತ್ತಿದರೆ ಅದು ಹಟ ಮಾಡಿ ಹತ್ತಿದ ಹಾಗಾಗುತ್ತದೆ. ಕರೆದರೆ ಹೋಗುವುದು ಅಂತ ಕೂತೆ.

ಆಮೇಲೆ ಕಾಳುಮೆಣಸು ಕೊಯ್ಯುವ ಏಣಿ. ಎಂತೆಂತ ಬೆಟ್ಟದ ನೆತ್ತಿಯಿಂದ ಜೀಪು ಇಳಿಸಿ ಮೈಗೆ ಒಂದು ಗೀರು ಮಾಡಿಕೊಳ್ಳದ ನೀವು, ಹಟ್ಟಿಯ ಹಿಂದೆ ಮೆಣಸಿನ ಬಳ್ಳಿ ಹಬ್ಬಿದ ಹಾಲುವಾಣ ಮರದಿಂದ ಬಿದ್ದು ಬೆನ್ನು ಮುರಿದುಕೊಂಡಿರಿ. ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು 'ನಡೆಯುತ್ತಾರೆ, ಆದರೆ ಇನ್ನು ಕುಲುಕಾಟದ ಗಾಡಿ ಹತ್ತಬಾರದು' ಅಂದಾಗ ನೀವು ಗೋಡೆ ಕಡೆ ನೋಡುತ್ತಿದ್ದಿರಿ. ಮನೆಗೆ ಬಂದ ಮೇಲೆ ಜಗಲಿಯ ಕುರ್ಚಿಯನ್ನು ಶೆಡ್ಡು ಕಾಣದ ಹಾಗೆ ತಿರುಗಿಸಿ ಹಾಕಿಸಿಕೊಂಡಿರಿ. ಜೀಪಿಗೆ ಹೊದಿಸಿದ ಟಾರ್ಪಾಲು ಗಾಳಿಗೆ ಪಟಪಟ ಅಂದರೂ ನಿಮಗೆ ಸಿಟ್ಟು ಬರುತ್ತಿತ್ತು. ನಾನು ಹೋಗಿ ಕಲ್ಲು ಹೇರಿ ಬಂದೆ.

ಕಳೆದ ವಾರ ಗಂಜಿ ಉಣ್ಣುತ್ತಾ ಹೇಳಿದಿರಿ. "ಬೇಬಿಚ್ಚನಿಗೆ ಫೋನ್ ಮಾಡಿದೆ. ನಾನು ಓಡಿಸುದು ನಿಲ್ಲಿಸಿದ ದಿನ ಜೀಪು ಅವನಿಗೆ ಅಂತ ಮಾತು ಕೊಟ್ಟದ್ದುಂಟು. ರಹ್ಮತ್ ಎಳೀತಾನೆ. ನೀನು ಕೂತ್ಕೊಂಡು ಹೋಗಿ ಕೊಟ್ಟು ಬಾ." ಉಪ್ಪಿನಕಾಯಿ ಕೇಳುವ ಸ್ವರದಲ್ಲೇ ಅದನ್ನೂ ಹೇಳಿದಿರಿ. ನಾನು ಹಾಲಿನ ಸೊಸೈಟಿಯ ಕೆಲಸಕ್ಕೆ ರಜೆ ಹಾಕಿದೆ.

ಕಡಬದಿಂದ ರಹ್ಮತ್ ಬಂದ. ಅವನ ತಾಯಿ ಅಲೀಮಮ್ಮ ದಾರಿಗೆ ಅಕ್ಕಿರೊಟ್ಟಿ, ಕೋಳಿ ಸಾರು ಕಟ್ಟಿಕೊಟ್ಟಿದ್ದರು. ಬಾರ್ ಸಿಕ್ಕಿಸುವಾಗ ನೀವು ಕುರ್ಚಿ ಬಿಟ್ಟು ಏಳಲಿಲ್ಲ. ಗೇಟು ದಾಟುವಾಗ ನಾನು ತಿರುಗಿ ನೋಡಿದೆ, ಕುರ್ಚಿ ಆಚೆ ತಿರುಗಿಯೇ ಇತ್ತು. ನಿಮ್ಮ ಬೆನ್ನು ಕಂಡಿತು. ಈ ಸಲ ಮಾತ್ರ ಅದರಿಂದ ನನಗೆ ಏನೂ ಗೊತ್ತಾಗಲಿಲ್ಲ.

ರಹ್ಮತ್ ಒಳ್ಳೆಯ ಡ್ರೈವರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಬೆನ್ನು ನನಗೆ ಓದಲಿಕ್ಕೆ ಬರುವುದಿಲ್ಲ. ಒಮ್ಮೆಗೇ ಬ್ರೇಕು ಹಾಕುತ್ತಾನೆ, ಬಾರ್ ಢಣ್ ಅನ್ನುತ್ತದೆ, ನನ್ನ ಹಲ್ಲು ಕಟಕಟ ಅನ್ನುತ್ತದೆ. ಪಯ್ಯನ್ನೂರು ದಾಟುವಾಗ ಅಳು ಬಂತು. ಟಾಪಿಲ್ಲದ ಗಾಡಿ, ಬಸ್ಸಿನಲ್ಲಿದ್ದವರೆಲ್ಲ ಮೇಲಿನಿಂದ ನೋಡುತ್ತಿದ್ದರು, ಕಣ್ಣಿಗೆ ಧೂಳು ಬಿದ್ದವರ ಹಾಗೆ ಸೆರಗಿನಲ್ಲಿ ಒರೆಸಿಕೊಂಡೆ. ಎರಡು ದಿನದ ಮೇಲೆ ಇಡುಕ್ಕಿ ಬೆಟ್ಟ ಹತ್ತಿ ಬೇಬಿಚ್ಚನ ತೋಟ ಮುಟ್ಟಿದೆವು. ಅವರ ಮನೆಯ ಹಿಂದಿನಿಂದಲೇ ಆ ಕಾಡಿನ ದಾರಿ ಶುರುವಾಗುವುದಲ್ಲ. ಬಾರ್ ಕಳಚಿದರು. ನಾನು ಇಳಿದು, ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು, ನೀವು ಹೇಳಿದ ಹಾಗೆ ಪೂರ್ವಕ್ಕೆ ಮುಖ ಮಾಡಿ ಕೊಟ್ಟೆ. ಬೇಬಿಚ್ಚನ್ ಕಣ್ಣಿಗೊತ್ತಿಕೊಂಡ. ಅಲ್ಲಿಗೆ ಜೀಪು ನಮ್ಮದಲ್ಲ ಅಂತ ಆಯಿತು.

ಆಮೇಲೆ ಅವನು ಆ ಕೀಲಿಯನ್ನು ಪುನಃ ನನ್ನ ಕೈಯಲ್ಲಿಟ್ಟ. ನನ್ನ ತವರು ಇದೇ ಜಾಲ್ಸೂರು, ಗಡಿಯಲ್ಲಿ ಹುಟ್ಟಿದವಳಿಗೆ ಮಲಯಾಳಂ ಗೊತ್ತಿಲ್ಲದೆ ಇರುತ್ತದಾ. ಅವನು ಹೇಳಿದ್ದು ಇಷ್ಟು: "ಚೇಚಿ, ಒಂದು ಸುತ್ತು ನೀವು ಓಡಿಸಿ. ನಿಮ್ಮ ಕೈ ತಾಗಿದ ಮೇಲೆ ನಾನು ಮುಟ್ಟುತ್ತೇನೆ."

ನಾನು ಬೇಡ ಅನ್ನಲಿಲ್ಲ. ಅನ್ನಬೇಕು ಅಂತ ಅನಿಸಲೂ ಇಲ್ಲ. ರಹ್ಮತ್ ಪಕ್ಕದಲ್ಲಿ ಕೂತು ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಅಕ್ಕ, ಅವಸರ ಎಂತ ಇಲ್ಲ, ಮೆಲ್ಲ ಹೋಗುವ" ಅಂದ. ಕೀಲಿ ತಿರುಗಿಸಿದೆ. ಅಯ್ಯೋ, ನಿಮಗೆ ಹೇಗೆ ಹೇಳಲಿ. ಇಷ್ಟು ವರ್ಷ ನಾನು ಹಿಡಿದಿದ್ದ ಸ್ಟೇರಿಂಗೇ ಅದು, ನನ್ನ ಅಂಗೈ ಉಜ್ಜಿ ನುಣ್ಣಗಾದದ್ದು. ಆದರೆ ಅದು ಕೈಯೊಳಗೆ ನಡುಗಿತು. ಮತ್ತೆ ತಲೆಯೆತ್ತಿದರೆ ಎದುರಿಗೆ ಪಿಕಪ್ ಇಲ್ಲ. ಆ ಸೀಟಿನಿಂದ ನಾನು ರಸ್ತೆ ನೋಡಿದ್ದು ಅದೇ ಮೊದಲು. ದಾರಿ ಎಷ್ಟು ಅಗಲ ಕಂಡಿತು ಅಂದರೆ, ಯಾವ ಕಡೆ ಹೋಗುವುದು ಅಂತ ಒಂದು ಗಳಿಗೆ ಗೊತ್ತಾಗಲಿಲ್ಲ.

ಲೋ ಗೇರಿನಲ್ಲಿ ಹತ್ತಿಸಿದೆ. ಕಲ್ಲಿನ ಮೇಲೆ ಚಕ್ರ ಏರುವಾಗ ಜೀಪು ಒಂದು ಕಡೆ ವಾಲುತ್ತದೆ, ಇನ್ನೇನು ಮಗುಚುತ್ತದೆ ಅನ್ನುವಾಗ ಎದುರಿನ ಚಕ್ರ ಹಿಡಿಯುತ್ತದೆ, ಮೆಲ್ಲ ಎಳೆದುಕೊಂಡು ಮೇಲೆ ಬರುತ್ತದೆ. ನಾನು ನಕ್ಕೆ. ಒಬ್ಬಳೇ, ಗಟ್ಟಿಯಾಗಿ, ರಹ್ಮತ್ ಹೆದರುವ ಹಾಗೆ ನಕ್ಕೆ. ಸಂಜೆ ಕೆಸರಿನಲ್ಲಿ ಬರುವಾಗ ನಿಮ್ಮ ಮುಖದಲ್ಲಿ ಇರುತ್ತಿದ್ದದ್ದು ಎಂತ ಅಂತ ಆಗ ಗೊತ್ತಾಯಿತು. ಗೊತ್ತಾದ ಕೂಡಲೇ ನಿಮ್ಮ ಮೇಲೆ ಸಿಟ್ಟೂ ಬಂತು. ಇಂಥದ್ದನ್ನು ಇಷ್ಟು ವರ್ಷ ಒಬ್ಬರೇ ಉಂಡಿರಲ್ಲ ಅಂತ.

ಇಳಿಯುವಾಗ ತಪ್ಪು ಮಾಡಿದೆ. ನೆತ್ತಿಯಿಂದ ಆ ಕಡಿದಾದ ಇಳಿಜಾರು ಉಂಟಲ್ಲ, ಅಲ್ಲಿ. ಪ್ರತಿ ಘಾಟಿಯ ತಲೆಯಲ್ಲಿ ನೀವು ಕೈ ಹೊರಗೆ ಹಾಕಿ ತೋರಿಸಿದಾಗ ನಾನು ಮೊದಲು ಮಾಡುವ ಕೆಲಸ ಲಿವರು ಮುಟ್ಟಿ ನ್ಯೂಟ್ರಲ್ ಉಂಟಾ ಅಂತ ನೋಡುವುದು. ಕೈಗೆ ಅದೇ ಅಭ್ಯಾಸ. ಇಳಿಜಾರು ಕಂಡಿತು, ಕ್ಲಚ್ ಒತ್ತಿ ಗೇರು ತೆಗೆದುಬಿಟ್ಟೆ. ಆಫ್‌ರೋಡ್ ಕಲಿಯುವ ಮಕ್ಕಳೂ ಮಾಡದ ತಪ್ಪು ಅಂತೆ ಅದು, ಇಳಿಜಾರಿನಲ್ಲಿ ಗಾಡಿಯನ್ನು ಹಿಡಿಯುವುದೇ ಗೇರು. ಜೀಪು ಬಿಟ್ಟ ಬಾಣದಂತೆ ಹೊರಟಿತು. ರಹ್ಮತ್ "ಗೇರು, ಅಕ್ಕ, ಗೇರು" ಅಂತ ಬೊಬ್ಬೆ ಹೊಡೆದ. ನನಗೆ ಮಾತ್ರ ಹೆದರಿಕೆಯೇ ಆಗಲಿಲ್ಲ. ನನಗೆ ಗೊತ್ತಿರುವ ಗಾಡಿಯೇ ಅದು, ಗೇರಿಲ್ಲದ್ದು, ತನ್ನಷ್ಟಕ್ಕೆ ಉರುಳುವುದು. ಒತ್ತಿ ಬಿಟ್ಟೆ, ಒತ್ತಿ ಬಿಟ್ಟೆ, ಸ್ಟೇರಿಂಗನ್ನು ಕಲ್ಲಿನ ಆಚೆ ಈಚೆ ಹೊರಳಿಸುತ್ತಾ ಸಂಪಾಜೆ ಘಾಟಿ ಇಳಿಸಿದ ಹಾಗೆ ಇಳಿಸಿ, ಕೆಳಗೆ ಬೇಬಿಚ್ಚನ ಎದುರಿಗೆ ತಂದು ನಿಲ್ಲಿಸಿದೆ.

ಬೇಬಿಚ್ಚನ್ ಜೀಪಿಗೆ ಒಂದು ಸುತ್ತು ಬಂದು ನೋಡಿದ. ಆಮೇಲೆ ನಗಲು ಶುರು ಮಾಡಿದ. "ಅಚ್ಚುತ ಹೇಳಿದ್ದು ಸುಳ್ಳಲ್ಲ" ಅಂದ. ಎಂತ ಹೇಳಿದ್ದರು ಅಂತ ಕೇಳಿದೆ. ನೀವು ಪ್ರತಿ ವರ್ಷ ರಾತ್ರಿ ಹಾಕುವ ಬೆಂಕಿಯ ಸುತ್ತ ಕೂತು, ಕೇರಳದ ಆ ಜೀಪಿನವರಿಗೆಲ್ಲ ಹೇಳುತ್ತಿದ್ದಿರಂತೆ: "ಇಲ್ಲಿ ಒಳ್ಳೆಯ ಡ್ರೈವರ್ ನಾನಲ್ಲ, ಅಲ್ಲಿ ಗೆಣಸು ಬೇಯಿಸ್ತಾ ಇದ್ದಾಳಲ್ಲ, ಅವಳು. ನಾನು ಮುಂದೆ ಹೇಗೆ ಓಡಿಸಿದರೂ ಹಿಂದೆ ಅವಳು ಸರಿ ಮಾಡ್ತಾಳೆ. ಅವಳು ಕೂರದಿದ್ದರೆ ನಾನು ಈ ಜೀಪು ಗೇಟು ದಾಟಿಸುದಿಲ್ಲ." ಇದನ್ನು ನೀವು ಮಲಯಾಳಂನಲ್ಲಿ ಹೇಳಿದ್ದು. ನನ್ನಿಂದ ಹತ್ತು ಮಾರು ದೂರದಲ್ಲಿ ಕೂತು ಹೇಳಿದ್ದು, ಗ್ಯಾಸಿನ ಒಲೆಯ ಸದ್ದಿನಲ್ಲಿ ನನಗೆ ಒಂದೂ ಕೇಳಿಸಿರಲಿಲ್ಲ.

ಮತ್ತೆ ಬೇಬಿಚ್ಚನ್ ಇನ್ನೊಂದು ಮಾತು ಹೇಳಿದ. ಅವನು ಒಮ್ಮೆ ನಿಮ್ಮನ್ನು ಕೇಳಿದನಂತೆ, ಹಾಗಾದರೆ ಅವರನ್ನು ಕಾಡಿಗೆ ಯಾಕೆ ಕರೆದುಕೊಂಡು ಬರುವುದಿಲ್ಲ ಅಂತ. ನೀವು ಅಂದದ್ದು: "ನಾನು ಕರೆದರೆ ನನಗೋಸ್ಕರ ಬರ್ತಾಳೆ, ಹೆದರಿಕೆ ಆದರೂ ಹೇಳುದಿಲ್ಲ. ಹಿಂದೆ ಕೂರುದೂ ಹಾಗೇ ಶುರುವಾದದ್ದು. ಇದನ್ನಾದರೂ ಅವಳೇ ಬೇಕು ಅಂತ ಕೇಳಲಿ. ಕೇಳಿದ ದಿನ ಕೀಲಿಯೇ ಅವಳಿಗೆ."

ನಾನು ಅಲ್ಲೇ ಜೀಪಿನ ಮೆಟ್ಟಿಲ ಮೇಲೆ ಕೂತೆ. ರಹ್ಮತ್ ನೀರು ತಂದುಕೊಟ್ಟ. ನೀವು ನಾನು ಕೇಳಲಿ ಅಂತ ಕಾದಿರಿ, ನಾನು ನೀವು ಕರೆಯಲಿ ಅಂತ ಕಾದೆ. ಎಂಥ ಜನ ಮಾರಾಯ್ರೆ ನಾವು. ಒಂದೇ ಬಾರಿನ ಎರಡು ತುದಿಯಲ್ಲಿ ಮೂರು ರಾಜ್ಯ ಸುತ್ತಿದೆವು, ಒಂದು ಮಾತಿಗೆ ಇಬ್ಬರಿಗೂ ಬಾಯಿ ಬರಲಿಲ್ಲ. ಈಗ ನನಗೆ ಓಡಿಸಲು ಬರುತ್ತದೆ, ಪಕ್ಕದಲ್ಲಿ ಕೂರಲು ನಿಮಗೆ ಆಗುವುದಿಲ್ಲ. ನಾನು ಜೀಪು ಓಡಿಸಿದ್ದೂ ಅದು ನಮ್ಮದಲ್ಲದ ಮೇಲೆ. ಇದನ್ನು ನೆನೆದು ನಿನ್ನೆ ಇಡೀ ದಿನ ನನಗೆ ಅನ್ನ ಸೇರಲಿಲ್ಲ.

ಜೀಪನ್ನು ಪುನಃ ಕೇಳಬಹುದಿತ್ತು. ರಹ್ಮತ್ ವಾಪಸು ಬರುವಾಗ ಅದನ್ನೇ ಹೇಳಿದ, "ಒಂದು ಮಾತು ಕೇಳಿದ್ರೆ ಅವ ಕೊಡ್ತಿದ್ದ ಅಕ್ಕ." ಕೊಡುತ್ತಿದ್ದ, ಅದು ನನಗೂ ಗೊತ್ತುಂಟು. ಬಾಯಿಯವರೆಗೆ ಬಂದಿತ್ತು ಮಾತು. ಆದರೆ ಅದನ್ನು ತಂದು ಶೆಡ್ಡಿನಲ್ಲಿ ನಿಲ್ಲಿಸಿದರೆ ನಿಮ್ಮ ಕುರ್ಚಿ ಇನ್ನೂ ಎಷ್ಟು ವರ್ಷ ಆಚೆ ತಿರುಗಿ ಇರಬೇಕು? ನಾನು ಓಡಿಸುವುದನ್ನು ಜಗಲಿಯಿಂದ ನೋಡುತ್ತಾ ಕೂರಲು ನಿಮಗೆ ಹೇಗೆ ಹೇಳಲಿ? ಹಾಗಾಗಿ ಸುಮ್ಮನೆ ಬಂದೆ. ಈ ಸಲ ಸುಮ್ಮನಿದ್ದದ್ದು ಬೇಜಾರಿನಿಂದ ಅಲ್ಲ, ನಿಮ್ಮ ಮೇಲಿನ ಪ್ರೀತಿಯಿಂದ. ಬರೆದೇಬಿಟ್ಟೆ ನೋಡಿ, ಬಾಯಲ್ಲಾದರೆ ಸಾಯುವವರೆಗೆ ಹೇಳುತ್ತಿರಲಿಲ್ಲ.

ರಹ್ಮತ್ ಕೈ ತೊಳೆದುಕೊಳ್ಳುತ್ತಿದ್ದಾನೆ, ಪ್ಲೇಟು ಕೂತಿತು ಅಂತ ಕಾಣುತ್ತದೆ. ನಾನು ಸೊಸೈಟಿಯ ಎದುರು ಇಳಿಯುತ್ತೇನೆ, ಸಂಜೆಯ ಹಾಲು ಅಳೆದು ಬರುತ್ತೇನೆ. ಈ ಪತ್ರವನ್ನು ಅವನ ಕೈಯಲ್ಲಿ ಮೊದಲು ಮನೆಗೆ ಕಳಿಸುತ್ತೇನೆ. ನಾನು ಬರುವಷ್ಟರಲ್ಲಿ ಓದಿ ಆಗಿರಲಿ.

ನಾನು ಬಂದ ಕೂಡಲೇ ದನದ ಹಿಂಡಿಯ ಸುದ್ದಿ ಎತ್ತಬೇಡಿ. ಬೇಬಿಚ್ಚನಿಗೆ ಹೇಳಿದ ಆ ಮಾತನ್ನು ನನಗೆ ಒಮ್ಮೆ ಹೇಳಿ. ಮಲಯಾಳಂ ಬೇಡ, ನಮ್ಮ ಮನೆಯ ಭಾಷೆಯಲ್ಲಿ ಹೇಳಿ, ಬೆನ್ನು ತಿರುಗಿಸದೆ ನನ್ನ ಮುಖ ನೋಡಿ ಹೇಳಿ. ನೀವಾಗಿ ಹೇಳಲಿ ಅಂತ ನಾನು ಕಾಯುವುದಿಲ್ಲ. ಕೇಳುತ್ತಿದ್ದೇನೆ.

ನಿಮ್ಮ ಬೆನ್ನಿನ ನೋವನ್ನು ದೇವರು ಬೇಗ ಇಳಿಸಲಿ, ರಾತ್ರಿ ನಿದ್ದೆ ಬರಲಿ.

ನಿಮ್ಮ
ಲೋಲಾಕ್ಷಿ